ಇತರೆ ಮಾಹಿತಿ

ಬೆಟಗೇರಿಯ ನೇಕಾರ ಓಣಿಯಲ್ಲಿ ದ್ರಾಕ್ಷಾಯಣಿ ಯಾರ ಬಾಗಿಲನ್ನೂ ಬಡಿಯಬೇಕಾಗಿರಲಿಲ್ಲ. ಹುಟ್ಟಿದ್ದು, ಬೆಳೆದದ್ದು, ಲಗ್ನವಾದದ್ದು ಎಲ್ಲ ಅಲ್ಲೇ. ಅದಕ್ಕೇ ನೇಕಾರರ ಹಕ್ಕಿನ ವೇದಿಕೆಯವರು ಮನೆಮನೆ ಸಮೀಕ್ಷೆಗೆ ಅವಳನ್ನು ಹಿಡಿದು ಕೈಗೊಂದು ಮೊಬೈಲು ಕೊಟ್ಟರು. ಮಗ್ಗ ಎಷ್ಟು, ಓಟು ಎಷ್ಟು, ಫೋನ್ ನಂಬರು ಯಾವುದು, ಕೊನೆಗೆ ‘ಇತರೆ ಮಾಹಿತಿ’. ಜನರ ಮನಸ್ಸಿನಲ್ಲಿದ್ದದ್ದನ್ನು ಬರೆದಷ್ಟೂ ಸರ್ಕಾರಕ್ಕೆ ಬಿಸಿ ಮುಟ್ಟುತ್ತದೆ ಎಂದಿದ್ದ ವೇದಿಕೆಯ ಅಜಯಕುಮಾರ. ಅವಳು ನಂಬಿದಳು. ನಂಬದೆ ಏನು, ಅವನ ಅಪ್ಪನೂ ಮಗ್ಗದವನೇ.

ಗೋವಿಂದಪ್ಪನ ಮನೆಯಲ್ಲಿ ಸೊಸೆ ಲಕ್ಷ್ಮೀದೇವಿ ಕಂಡಿಕೆಗೆ ನೂಲು ಸುತ್ತುತ್ತಲೇ ಗುಟ್ಟು ಬಿಚ್ಚಿದಳು. “ನನಗೊಂದ ಬ್ಯಾರೆ ರೇಷನ್ ಕಾರ್ಡ ಆದ್ರ ಸಾಕವಾ. ಸರ್ಕಾರದ ರೊಕ್ಕ ನನ್ನ ಹೆಸರಿಗೆ ಬರ್ತೈತಿ, ಮಗಳನ್ನ ಕಾಲೇಜಿಗೆ ಕಳಸ್ತೇನಿ. ನಿನ್ನ ಹೊಟ್ಟಿಯಾಗ ಇರ್ಲಿ.”

ಅದೇ ಮಧ್ಯಾಹ್ನ ಮಾವ ಗೋವಿಂದಪ್ಪ ಮಗ್ಗದ ಕುಣಿಯಲ್ಲಿ ಕೂತೇ ದನಿ ತಗ್ಗಿಸಿ ಹೇಳಿದ. “ನಾ ಇರೂತನಕ ಈ ಮನಿ ಒಡೀಬಾರ್ದು, ತಂಗಿ. ಒಲಿ ಒಂದ ಇರಬೇಕು. ಅದೊಂದ ಅಂಜಿಕಿ ನನಗ.”

ದ್ರಾಕ್ಷಾಯಣಿ ಎರಡನ್ನೂ ಚಾಚೂ ತಪ್ಪದೆ ಬರೆದಳು. ಲಕ್ಷ್ಮೀದೇವಿಗೆ ಸ್ವಂತ ಫೋನಿರಲಿಲ್ಲ. ನಂಬರು ತುಂಬದಿದ್ದರೆ ಆ ಹಾಳು ಮೊಬೈಲು ಮುಂದಕ್ಕೆ ಹೋಗುತ್ತಿರಲಿಲ್ಲ. ಓಣಿಯಲ್ಲಿ ಹೆಂಗಸರ ನಂಬರೆಂದರೆ ಮನೆಯ ಹಿರಿಯರ ನಂಬರು. ಗ್ಯಾಸಿಗೂ ಅದೇ, ಶಾಲೆಗೂ ಅದೇ. ಎರಡು ಸಲ ಯೋಚಿಸದೆ ಗೋವಿಂದಪ್ಪನದನ್ನೇ ಹಾಕಿದಳು.

ಚುನಾವಣೆಗೆ ಎಂಟು ದಿನವಿರುವಾಗ ಗೋವಿಂದಪ್ಪನ ಫೋನಿಗೆ ಒಂದು ಕರೆ ಬಂತು. “ಗೋವಿಂದಪ್ಪನವರೇ, ಕೂಡಿ ಬಾಳುವ ಮನೆ ಒಡೆಯಬಾರದೆಂಬ ನಿಮ್ಮ ಚಿಂತೆ ನಮ್ಮ ಅಭ್ಯರ್ಥಿಯದೂ ಹೌದು.” ಮುದುಕ ಉಬ್ಬಿಹೋದ. ಹಿಂದೆಯೇ ಇನ್ನೊಂದು ಕರೆ ಬಂದಾಗ ಮನೆಮಂದಿಯೆಲ್ಲ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. “ಲಕ್ಷ್ಮೀದೇವಿಯವರೇ, ನೀವು ಬಯಸಿದ ಬೇರೆ ರೇಷನ್ ಕಾರ್ಡ್ ಕೊಡಿಸುವುದು ನಮ್ಮ ಅಭ್ಯರ್ಥಿಯ ಹೊಣೆ.” ಅದೇ ಅಭ್ಯರ್ಥಿ, ಅದೇ ಇಂಪಾದ ದನಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಗೋವಿಂದಪ್ಪ ಬೈಯಲಿಲ್ಲ. “ಆಕಿಗೆ ಬ್ಯಾರೆ ಬೇಕಂತ. ಮಾಡಿ ಕೊಡ್ರಿ,” ಎಂದ ಮನೆಮಂದಿಗೆ, ಅಷ್ಟೇ. ಮರುದಿನ ಬೆಳಿಗ್ಗೆ ಹಿತ್ತಲ ತಗಡಿನ ಕೆಳಗೆ ಅವಳಿಗೊಂದು ಮೂರು ಕಲ್ಲಿನ ಒಲೆ ಹೂಡಿದರು. ಲಕ್ಷ್ಮೀದೇವಿಯ ಗಂಡ ಸುನಿಲಕುಮಾರ ಮಗ್ಗದಿಂದ ತಲೆ ಎತ್ತಲಿಲ್ಲ.

ಸುದ್ದಿ ಕೇಳಿದ ದ್ರಾಕ್ಷಾಯಣಿ ಚಪ್ಪಲಿಯನ್ನೂ ಮೆಟ್ಟದೆ ವೇದಿಕೆಯ ಕಚೇರಿಗೆ ಓಡಿದಳು.

“ಅಜಯ, ನಾ ಬರದದ್ದೆಲ್ಲಾ ಅಳಸಪಾ.”

“ಅಳಸಬಹುದಕ್ಕಾ. ಆದ್ರ ಪಟ್ಟಿ ಪಕ್ಷದವರ ಕಡೆ ಹೋಗಿ ತಿಂಗಳಾತು,” ಎಂದ ಅಜಯಕುಮಾರ, ಅವಳ ಮುಖ ನೋಡದೆ. “ನಮ್ಮ ಬೇಡಿಕಿ ಅವರ ಪ್ರಣಾಳಿಕಿಯಾಗ ಬರಬೇಕಂದ್ರ ನಾವೂ ಏನರ ಕೊಡಬೇಕಲ್ಲ?”

ಅವಳಿಗೆ ಮೈಯೆಲ್ಲ ಉರಿಯಿತು. “ಏನರ ಅಲ್ಲಪಾ. ನೀ ಕೊಟ್ಟಿದ್ದು ಲಕ್ಷ್ಮೀನ್ನ.”

ಅಲ್ಲಿಂದ ನೆಟ್ಟಗೆ ಗೋವಿಂದಪ್ಪನ ಮಗ್ಗದ ಮುಂದೆ ಬಂದು ನಿಂತಳು. “ಕಾಕಾ, ಆಕಿದೇನ ತಪ್ಪಿಲ್ರಿ. ಬರದಾಕಿ ನಾನು. ನಿಮ್ಮ ಅಂಜಿಕೀನೂ ನಾನ ಬರದೇನ್ರಿ.”

“ಆಕಿ ಹೇಳಿದ್ದಕ್ಕ ಬರದಿ. ಹೌದಿಲ್ಲೋ?”

“ಹೌದ್ರಿ, ಕಾಕಾ.” ಗೋವಿಂದಪ್ಪ ಮತ್ತೆ ಲಾಳಿ ಎಸೆದ.

ಹಿತ್ತಲಲ್ಲಿ ಲಕ್ಷ್ಮೀದೇವಿ ಹೊಗೆಯ ನಡುವೆ ಒಲೆ ಊದುತ್ತಿದ್ದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಬೈಗುಳಕ್ಕೆ ಮೈಯೊಡ್ಡಿಕೊಂಡೇ ದ್ರಾಕ್ಷಾಯಣಿ ಪಕ್ಕದಲ್ಲಿ ಕುಕ್ಕರಿಸಿದಳು. ಬೈದಿದ್ದರೇ ಚೆನ್ನಾಗಿತ್ತು.

“ಮಾವಾರು ಅಂಜತಾರಂತ ನನಗ ಗೊತ್ತಿರಲಿಲ್ಲ,” ಎಂದಳು ಲಕ್ಷ್ಮೀದೇವಿ. “ಬರೇ ಸಿಟ್ಟಿನ ಮನಶಾ ಅನ್ಕೊಂಡಿದ್ದೆ. ಗೊತ್ತಿದ್ರ ಅವರ ಮುಂದ ಕುಂತು, ಒಲಿ ಒಂದ ಇರ್ಲಿ, ಕಾರ್ಡಷ್ಟ ಬ್ಯಾರೆ ಮಾಡೂನ್ರಿ ಅಂತಿದ್ದೆ. ಇದ ಮನ್ಯಾಗ ಕುಂತು ಇಬ್ಬರದೂ ಕೇಳಿದಿ, ದ್ರಾಕ್ಷಾಯಣಿ. ಊರಿಗೆಲ್ಲಾ ಮುಟ್ಟಿಸಿದಿ. ನನಗೊಂದ ಮಾತ ಹೇಳಲಿಲ್ಲಲ್ಲ.”

ದ್ರಾಕ್ಷಾಯಣಿ ಬೆಂಕಿ ಆರುತ್ತಿದ್ದುದನ್ನು ಕಂಡು ಒಂದು ಕಟ್ಟಿಗೆ ಇಡಲು ಕೈ ಚಾಚಿದಳು. ಲಕ್ಷ್ಮೀದೇವಿ ಕಟ್ಟಿಗೆಯ ಹೊರೆಯನ್ನು ತನ್ನ ಕಡೆಗೆ ಎಳೆದುಕೊಂಡಳು.