ಲವೆಲ್ ಕೂಗಿದ ಮಾತು

ಅಮೆರಿಕನ್ ಫುಟ್‌ಬಾಲ್‌ನ ಆ ಅಭ್ಯಾಸ ಪಂದ್ಯ ಮುಗಿದ ಮೇಲೆ ತಂಡದಿಂದ ಒಂದಷ್ಟು ಜನರನ್ನು ಮನೆಗೆ ಕಳಿಸುವುದಿತ್ತು. ಲವೆಲ್ ಬಟೀಸ್ಟ್ ಹನ್ನೊಂದು ವರ್ಷ ಈ ಗಂಡಾಂತರ ದಾಟಿ ಬಂದವನು. ಈ ಸಲ ಮಾತ್ರ ಮೊಣಕಾಲೇ ಕೈಕೊಟ್ಟಿತ್ತು. ಎದುರಾಳಿಯ ಬೆನ್ನುಹತ್ತಿ ಪಾಸು ತಡೆಯುವ ಕೆಲಸ ಆಗಲೇ ಕಿರಿಯರ ಪಾಲಾಗಿತ್ತು. ಉಳಿದದ್ದು ಒಂದೇ: ಎದುರಾಳಿಗಳು ಒದ್ದ ಚೆಂಡನ್ನು ಹಿಡಿದು ಅವರತ್ತಲೇ ನುಗ್ಗುವುದು. ಒಂದು ಕಾಲಕ್ಕೆ ಅವನು ಚೆಂಡು ಹಿಡಿದರೆ ಕ್ರೀಡಾಂಗಣವೇ ಎದ್ದು ನಿಲ್ಲುತ್ತಿತ್ತು. ಈಗ ಆ ಒಂದು ಜಾಗಕ್ಕೆ ಇಪ್ಪತ್ತೆರಡರ ಕೆಂಡ್ರೆಲ್ ಕೂಡ ಕಣ್ಣು ಹಾಕಿದ್ದ.

"ಅಂಕಲ್, ಊರುಗೋಲು ತರ್ಲಾ?" ಕೆಂಡ್ರೆಲ್ ಕೆಣಕಿದ.

"ಮೊದ್ಲು ನೀನು ಹಾಲಿನ ಬಾಟ್ಲಿ ಬಿಡಪ್ಪ."

ಕೊನೆಯ ಹೊತ್ತಿಗೆ ಚೆಂಡು ಹಿಡಿಯಲು ಲವೆಲ್ ಹಿಂದೆ ನಿಂತಿದ್ದ. ಮುಂದೆ ಕೆಂಡ್ರೆಲ್ ಎದುರಾಳಿಯೊಬ್ಬನನ್ನು ತಡೆಯುತ್ತಿದ್ದ. ಚೆಂಡು ಗಾಳಿಗೆ ಸಿಕ್ಕಿ ಮೊದಲೇ ಬಿತ್ತು, ಪುಟಿದು ಕೆಂಡ್ರೆಲ್‌ನ ಹಿಮ್ಮಡಿಯತ್ತ ಹೊರಟಿತು. ಅವನಿಗೆ ಅದು ತಗುಲಿದರೆ ಎದುರಾಳಿಗಳು ಬಾಚಿಕೊಳ್ಳಬಹುದು, ತಪ್ಪೆಲ್ಲ ಅವನ ತಲೆಗೆ. ಇಂಥ ಹೊತ್ತಲ್ಲಿ ಹಿಂದಿದ್ದವನು 'ವಿಷ', ಅಂದರೆ ಚೆಂಡು ಮುಟ್ಟಬೇಡಿ, ಎಂದು ಕೂಗಿ ಎಚ್ಚರಿಸಬೇಕು. ಕೂಗದಿದ್ದರೂ ಆ ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತಿತ್ತು?

"ವಿಷ! ವಿಷ!"

ಕೆಂಡ್ರೆಲ್ ಹಾರಿ ಪಕ್ಕಕ್ಕೆ ಸರಿದ. ಚೆಂಡು ಉರುಳುರುಳಿ ತಮ್ಮದೇ ಗೋಲು ಗೆರೆಯ ಹತ್ತಿರ ಹೋಗಿ ನಿಂತಿತು. ಓಡಿಬಂದು ಹಿಡಿಯಲಾಗದ ಲವೆಲ್‌ನನ್ನು ಜನ ಗೇಲಿ ಮಾಡಿದರು.

ಮಂಗಳವಾರ ಬೆಳಿಗ್ಗೆ, ತಂಡದಿಂದ ತೆಗೆದವರನ್ನು ಕರೆಯಲೆಂದೇ ಇದ್ದವನೊಬ್ಬ ಬಂದು ಮುಖ ನೋಡದೆ ಹೇಳಿದ: "ಕೋಚ್ ಕರೀತಿದಾರೆ. ತಂಡ ಕೊಟ್ಟಿದ್ದ ಟ್ಯಾಬ್ಲೆಟ್ಟೂ ತಗೊಂಡು ಬರ್ಬೇಕಂತೆ." ಆ ಮಾತಿಗೆ ಎರಡನೇ ಅರ್ಥವಿಲ್ಲ.

ಮನೆಯಲ್ಲಿ ಹೆಂಡತಿ ಒಡೆಸ್ಸಾ ಒಲೆಯ ಮೇಲಿನ ಗಂಬೋ ಸಾರು ಕಲಕುತ್ತ ಸಿಡುಕಿದಳು. "ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಾನೆಲ್ಲಿ ಕೂಗ್ದೆ? ಬಾಯೇ ಕೂಗ್ಬಿಡ್ತು ಕಣೇ. ಯೋಚ್ನೆ ಬಂದಿದ್ದು ಆಮೇಲೆ."

ಸುಮ್ಮನಿದ್ದಿದ್ದರೆ ಜಾಗ ತನಗೇ ಉಳಿಯುತ್ತಿತ್ತೆಂದು ಆಮೇಲೆ ಬಂದ ಆ ಯೋಚನೆಯೇ ಅವನನ್ನು ಚುಚ್ಚುತ್ತಿತ್ತು. ಕೆಲಸ ಹೋದದ್ದಕ್ಕೆ ದುಃಖವಿತ್ತು, ಸುಳ್ಳೇಕೆ. ಆದರೆ ಆ ಯೋಚನೆ ಒಂದು ಕ್ಷಣ ಮೊದಲೇ ಬಂದಿದ್ದರೆ ತಾನು ಎಂಥವನಾಗುತ್ತಿದ್ದೆನೋ ಎಂದು ಭಯವೂ ಆಗುತ್ತಿತ್ತು.

ಋತುವಿನ ಮೊದಲ ಭಾನುವಾರ ಟೀವಿಯಲ್ಲಿ ಅವನ ಜಾಗದಲ್ಲಿ ಕೆಂಡ್ರೆಲ್ ನಿಂತಿದ್ದ. ಒದ್ದ ಚೆಂಡು ಮೊದಲೇ ಬಿದ್ದು ಪುಟಿಯಿತು. ಲವೆಲ್ ಬಟ್ಟಲು ಚೆಲ್ಲಿಕೊಂಡೇ ಎದ್ದ.

"ವಿಷ! ಕೂಗೋ ಹುಡುಗಾ, ಕೂಗೋ!"

ಟೀವಿಯಲ್ಲಿ ಬರೀ ಜನರ ಗದ್ದಲ. ಆದರೆ ಕೆಂಡ್ರೆಲ್ ಬಾಯಿ ತೆರೆದಿದ್ದ, ಎರಡೂ ಕೈ ಬೀಸುತ್ತಿದ್ದ, ಮುಂದಿದ್ದ ಅವನ ಕಡೆಯವರೆಲ್ಲ ಚದುರಿದರು.

"ನೆಲ ಒರೆಸೋರು ಯಾರು?" ಎಂದು ಒಡೆಸ್ಸಾ ಬೈದಳು. ಗಂಡ ಇನ್ನೂ ನಿಂತೇ ಇದ್ದ. ಅವಳು ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಬಂದು ಅವನ ತೋಳು ಹಿಡಿದಳು.

"ಕೇಳಿಸ್ತು ಬಿಡೋ ಅವನಿಗೆ. ಕೂತ್ಕೋ."