ಎಡಗೊಳವೆಯ ಎಣ್ಣೆ

ನೆಫ್ತಾಲಿ ಸತ್ತು ಅಂದಿಗೆ ಒಂಬತ್ತನೆಯ ದಿನ, ಸತ್ತವನಿಗಾಗಿ ನಡೆಸುವ ಪ್ರಾರ್ಥನೆಯ ಕೊನೆಯ ದಿನ. ಒಳಗೆ ಹೆಂಗಸರು ಜಪಮಣಿ ಹಿಡಿದು, ಊರಿನಲ್ಲಿ ಪ್ರಾರ್ಥನೆ ಹೇಳಿಸುವ ಕಸಿಲ್ದಮ್ಮನ ಜೊತೆ ಅವನ ಆತ್ಮಕ್ಕಾಗಿ ಪ್ರಾರ್ಥಿಸುತ್ತಿದ್ದರು. ತಂದೆ ಎಲಾದಿಯೋ ಮಾತ್ರ ಹಿತ್ತಿಲಲ್ಲಿ, ಮಗ ಬಿದ್ದು ಸತ್ತ ಬೈಕಿನ ಮುಂದೆ ಕುಳಿತಿದ್ದನು.

ಅಸುವಾ ಪಟ್ಟಣದಲ್ಲಿ ಮಗ ಆ ಬೈಕಿನ ಮೇಲೆ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಓಡಾಡುತ್ತಿದ್ದನು. ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ, ಒಬ್ಬ ಗಿರಾಕಿಯನ್ನು ಹೊಳೆಗೆ ಕರೆದೊಯ್ಯುವಾಗ ಇಳಿಜಾರಿನಲ್ಲಿ ಬ್ರೇಕು ಹಿಡಿದನು, ಬೈಕು ಮುಗ್ಗರಿಸಿತು. ಗಿರಾಕಿಯ ಕೈಯಲ್ಲಿದ್ದ ರಮ್ ಬಾಟಲಿ ರಸ್ತೆಯ ಮೇಲೆ ಒಡೆದಿತ್ತು. ಅಷ್ಟೇ ಸಾಕಾಯಿತು, ನೆಫ್ತಾಲಿ ಕುಡಿದಿದ್ದನೆಂದು ಊರೆಲ್ಲ ಆಡಿಕೊಂಡಿತು.

ಎಲಾದಿಯೋನ ನಿದ್ದೆ ಕೆಡಿಸಿದ್ದು ಬೇರೆಯೇ ಯೋಚನೆ. ಎರಡು ದಿನ ಮೊದಲು, ಪವಿತ್ರ ಗುರುವಾರ, ಮುಂದಿನ ಚಕ್ರದ ಹೊಡೆತ ತಡೆಯುವ ಫೋರ್ಕಿನ ಎರಡು ಕೊಳವೆಗಳ ಎಣ್ಣೆ ಬದಲಿಸಿದವನು ಅವನೇ. ಆ ದಿನ ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಅವನ ಮನೆಯಲ್ಲಿ ಯಾರೂ ಕಬ್ಬಿಣ ಮುಟ್ಟುತ್ತಿರಲಿಲ್ಲ. ಅದು ಕರ್ತನ ಗಾಯ ಕೆದಕಿದಂತೆ ಎಂದು ತಾಯಿ ಕಲಿಸಿದ್ದಳು. ಒಂದು ಕೊಳವೆಗೆ ಎಣ್ಣೆ ಹೊಯ್ದು, ಗಡಿಯಾರ ನೋಡಲು ಒಳಗೆ ಓಡಿದ್ದು ಅವನಿಗೆ ನೆನಪಿತ್ತು. ಮರಳಿ ಬಂದು ಯಾವುದಕ್ಕೆ ಹೊಯ್ದೆನೆಂಬುದು ನೆನಪಾಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮಗ ಒಂದು ಸುತ್ತು ಹೋಗಿ ಬಂದಿದ್ದನು. “ಅಪ್ಪಾ, ಮುಂದೆ ಯಾಕೋ ದಡಬಡ ಅಂತೈತೆ.”

“ರೋಡು ಹಂಗಿದ್ರೆ ಬೈಕೇನ್ ಮಾಡ್ತದೆ? ನಿಧಾನಕ್ಕೆ ಓಡ್ಸು, ಹೋಗು.”

ಎಲಾದಿಯೋ ಇಂಜಿನ್ನಿನ ಕೆಳಗೆ ಪೆಟ್ಟಿಗೆ ಕೊಟ್ಟು ಮುಂದಿನ ಚಕ್ರ ಎತ್ತಿದನು. ಕೊಳವೆಗಳು ಬಾಗಿದ್ದವು, ಆದರೆ ಎಲ್ಲಿಯೂ ಒಂದು ಹನಿ ಸೋರಿದ ಗುರುತಿರಲಿಲ್ಲ. ಅಷ್ಟರಲ್ಲಿ ಸೊಸೆ ಯಾನಿರಾ ಬಾಗಿಲಿಗೆ ಬಂದಳು.

“ಮಾವ, ಕಸಿಲ್ದಮ್ಮ ಕರೀತಾವ್ರೆ. ಕೊನೇ ಪ್ರಾರ್ಥನೆಗೂ ಬರಲ್ವಾ? ಇವತ್ತೂ ಈ ದರಿದ್ರದ್ದರ ಮುಂದೇನೇ ಕೂತ್ಕೊಬೇಕಾ?”

“ಈ ಬಾಟ್ಲಿ ಸ್ವಲ್ಪ ಹಿಡ್ಕೊಳಮ್ಮ.”

ಮಗುವಿನ ಹಾಲಿನ ಬಾಟಲಿ. ಮೈಮೇಲೆ ಅಳತೆಯ ಗೆರೆಗಳಿದ್ದವು. ಒಂದೊಂದು ಕೊಳವೆಗೆ ಒಂದು ಬಾಟಲಿ, ಅದು ಲೆಕ್ಕ. ಬಲಗೊಳವೆಯ ಬುಡದ ಸ್ಕ್ರೂ ಬಿಚ್ಚಿದೊಡನೆ ಕೆಂಪೆಣ್ಣೆ ಇಳಿಯಿತು. ಬಾಟಲಿ ತುಂಬಿತು. ಡಬ್ಬಿಗೆ ಸುರಿದು ಮತ್ತೆ ಹಿಡಿದಳು. ಮತ್ತೆ ತುಂಬಿತು.

“ಇಷ್ಟೊಂದಿರ್ತದಾ ಮಾವ?”

ಅವನು ಎಡಗೊಳವೆಯ ಸ್ಕ್ರೂ ಬಿಚ್ಚಿದನು. ಎರಡು ಚಮಚದಷ್ಟು ಕಪ್ಪು ಗಸಿ ಬಂದು ನಿಂತಿತು. ಹ್ಯಾಂಡಲ್ ಹಿಡಿದು ಮೂರು ಸಲ ಒತ್ತಿ ನೋಡಿದನು. ಏನೂ ಬರಲಿಲ್ಲ.

ಒಳಗಿನಿಂದ ಕಸಿಲ್ದಮ್ಮನ ದನಿ ಕೇಳಿಸಿತು: “ನಿನ್ನ ದಾಸನ ಕುಡಿತದ ಪಾಪವನ್ನು ಕ್ಷಮಿಸು, ಸ್ವಾಮಿ...”

ಎಲಾದಿಯೋ ಎದ್ದು ಒಳಗೆ ಹೋಗಿ, ಮೇಣದಬತ್ತಿಗಳಿದ್ದ ಬಿಳಿ ಬಟ್ಟೆಯ ಮೇಜಿಗೆ ಕೈಯೂರಿ ನಿಂತನು.

“ನಿಲ್ಸಮ್ಮ.”

“ಏನಯ್ಯ, ದೇವರ ಮಾತಿನ ಮಧ್ಯೆ ಬಾಯಿ ಹಾಕ್ತೀಯ? ನಿನ್ನ ಕೈ ನೋಡ್ಕೋ, ಬಿಳೀ ಬಟ್ಟೆಗೆಲ್ಲ ಎಣ್ಣೆ ಆಯ್ತು!”

“ಅವ್ನು ಕುಡ್ದಿರ್ಲಿಲ್ಲ. ಒಂದು ಕೊಳವೆಗೆ ಎರಡು ಸಲ ಹೊಯ್ದೆ, ಇನ್ನೊಂದಕ್ಕೆ ಹೊಯ್ಲೇ ಇಲ್ಲ. ನಾನೇ. ಹನ್ನೆರಡಾಗೋಯ್ತದೆ ಅಂತ ಅವಸರ ಮಾಡ್ದೆ.”

ಕಸಿಲ್ದಮ್ಮ ಮೆಲ್ಲಗೆ ಹೇಳಿದಳು: “ಕರ್ತನ ದಿನ ಕೆಡಬಾರ್ದು ಅಂತ ತಾನೆ ಮಾಡಿದ್ದು...”

“ಅವಸರ ಮಾಡು ಅಂತ ಕರ್ತ ಹೇಳಿರ್ಲಿಲ್ಲ.”

ಯಾನಿರಾ ಗೋಡೆಗೆ ಒರಗಿ ನಿಂತಿದ್ದಳು. “ಮುಂದೆ ದಡಬಡ ಅಂತೈತೆ ಅಂತ ಅವತ್ತು ಬೆಳಿಗ್ಗೆ ಅವರು ಹೇಳಿದ್ರಲ್ಲ ಮಾವ. ಅಡಿಗೆಮನೇಲಿ ನಂಗೂ ಕೇಳಿಸ್ತು.”

“ಹೇಳ್ದ.”

“ಈ ಮಾತು ಬಾಡಿಗೆ ಬೈಕ್ ಸ್ಟ್ಯಾಂಡಲ್ಲಿ ಹೇಳಿ. ಕುಡುಕ ಅಂದೋರ ಎದುರಿಗೇ ಹೇಳಿ.”

“ನಾಳೆ ಬೆಳಿಗ್ಗೆ...”

“ಒಂಬತ್ತು ದಿನದಿಂದ ಕುಡುಕನ ಹೆಂಡ್ತಿ ಅನ್ನಿಸ್ಕೊಂಡಿದ್ದೀನಿ. ಈಗ್ಲೇ ಹೋಗಿ.” ಅವನ ಮುಖವನ್ನು ಅವಳು ನೋಡಲಿಲ್ಲ.

ಎಲಾದಿಯೋ ಕೈ ತೊಳೆಯದೆಯೇ ಬಿಸಿಲಿಗೆ ಇಳಿದನು. ಬೀದಿಯ ತಿರುವಿನಲ್ಲಿ ಸ್ಟ್ಯಾಂಡಿನ ಗಂಡಸರ ನಗು ಕೇಳಿಸಿತು. ಅವನ ಕಾಲುಗಳು ನಿಂತುಬಿಟ್ಟವು. ದೇವರ ಹೆಸರು ಹೇಳಹೊರಟನು, ಬಾಯಿಗೆ ಬಂದದ್ದು ಮಗನ ಹೆಸರು. ಅದನ್ನೇ ಹೇಳಿಕೊಳ್ಳುತ್ತ ಮುಂದಕ್ಕೆ ನಡೆದನು.