ಸೀತೂರಿಗೆ ಬಾರದ ರೈಲು

ಅಜ್ಜಿ ಪದ್ಮಾಕ್ಷಿ ಹೇಳುತ್ತಿದ್ದ ಕಥೆಯಲ್ಲಿ ರೈಲು ಸೀತೂರಿನ ಗುಡ್ಡದ ಮೇಲೆ ನೀರು ಕುಡಿದು, ಕೊಪ್ಪದಲ್ಲಿ ದಣಿವಾರಿಸಿಕೊಂಡು, ಶೃಂಗೇರಿ ಮುಟ್ಟಿ ತುಂಗೆಯಲ್ಲಿ ಮಿಂದು ಮಡಿಯಾಗುತ್ತಿತ್ತು. ನಿಜ ಹೇಳಬೇಕೆಂದರೆ, ತರೀಕೆರೆ ಕಡೆಯಿಂದ ಬಂದ ಪುಟ್ಟ ಹಳಿ ನರಸಿಂಹರಾಜಪುರಕ್ಕೇ ನಿಂತಿತ್ತು. ಕಾಡಿನ ಮರವನ್ನೆಲ್ಲ ಹೊತ್ತು ಹೊತ್ತು, ಅಜ್ಜಿ ಹುಟ್ಟುವ ಮೊದಲೇ ಅದು ಮುಚ್ಚಿಯೂ ಹೋಗಿತ್ತು.

ಆ ಕಥೆಯನ್ನು ಚಿಕ್ಕಪ್ಪ ಶ್ರೀಧರನ ಹೋಂಸ್ಟೇಗೆಂದು ಚಂದ ಮಾಡಿ ಬರೆದುಕೊಟ್ಟವಳು ಮೊಮ್ಮಗಳು ಮಹಿಮಾ. ಅತಿಥಿಗಳಿಗೆ ಅದನ್ನು ಓದಿ ಹೇಳಲು ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಗುಡ್ಡ ಹತ್ತಿದರೆ, ಹಲಸಿನ ಮರದಡಿಯ ಕಲ್ಲಿಗೆ ಹಳದಿ ಪೇಂಟು. ಮೇಲೆ ಕಪ್ಪಕ್ಷರದಲ್ಲಿ 'ಸೀತೂರು ಸ್ಟೇಷನ್'. ಟೊಪ್ಪಿಯವನೊಬ್ಬ ಅದರ ಮೇಲೆ ಶೂಗಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದ.

"ಚಿಕ್ಕಪ್ಪಾ, ಇದು ದೇವಪ್ಪನವರ ಹಿರಿಯರ ಕಲ್ಲಲ್ವಾ?"

"ಎಂತ ಹಿರಿಯರು ಮಾರಾಯ್ತಿ? ಸುಣ್ಣ ಬಳಿದಿತ್ತು, ರೈಲಿನ ಗಡಿಕಲ್ಲು ಅಂದ್ಕಂಡೆ. ನೀ ಬರೆದ ಕಥೆಲೂ ರೈಲು ಇಲ್ಲೇ ತಾನೆ ನೀರು ಕುಡಿಯೋದು?"

ತೋಟದ ಕೆಲಸಕ್ಕೆ ಬರುವ ದೇವಪ್ಪನ ಮುತ್ತಜ್ಜ ಹಳಿಗಾಗಿ ಕಾಡು ಕಡಿಯಲು ಹೋಗಿ, ಚಳಿಜ್ವರ ಹತ್ತಿ ಸತ್ತಾಗ ಮಣ್ಣು ಮಾಡಿದ್ದು ಅಲ್ಲೇ. ವರ್ಷವೂ ಈ ದಿನ ಕಡುಬು, ಒಣಮೀನಿನ ಸಾರು ಎಡೆಯಿಟ್ಟು ಮನೆಯವರೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಯಾರ ಕಣ್ಣು ಬಿದ್ದರೂ ಹಿರಿಯರು ಉಣ್ಣುವುದಿಲ್ಲ.

ಅಷ್ಟರಲ್ಲಿ ದೇವಪ್ಪ ಬುಟ್ಟಿ ಹೊತ್ತು ಬಂದ. ಕಲ್ಲನ್ನು ನೋಡಿ ನಿಂತುಬಿಟ್ಟ.

"ಎಂತ ಮಾಡಿದ್ರಿ ಅಯ್ಯ ಇದು?"

"ನೀ ಎಡೆ ಇಡು ಮಾರಾಯ, ಯಾರು ಬೇಡ ಅಂದ್ರು? ರೈಲು ಡ್ರೈವರಿಗೆ ಊಟ ಅಂತ ಹೇಳ್ತೀನಿ. ಬಂದವರಿಗೂ ಖುಷಿಯಾಗ್ತದೆ."

ಮಹಿಮಾ ಕೈಲಿದ್ದ ಹಾಳೆ ಮುದುಡಿ ಅತಿಥಿಗಳ ಕಡೆ ತಿರುಗಿದಳು. "ಇಲ್ಲಿಗೆ ರೈಲು ಬಂದೇ ಇಲ್ಲ. ಇದು ಅದಕ್ಕಾಗಿ ದುಡಿದು ಸತ್ತವರ ಸಮಾಧಿ. ಎಡೆ ಇಡುವಾಗ ಯಾರೂ ನೋಡಬಾರದು. ದಯವಿಟ್ಟು ಕೆಳಗೆ ಹೋಗಿ."

ಟೊಪ್ಪಿಯವನು ಕಾಲು ತೆಗೆದ. ಆಮೇಲೆ ಫೋನು ಎತ್ತಿದ.

"ಅಂದ್ರೆ ದೆವ್ವ ಬಂದು ತಿನ್ನುತ್ತಾ? ವಿಡಿಯೊದಲ್ಲಿ ಸಿಗಬಹುದಾ?"

ಉಳಿದ ಫೋನುಗಳೂ ಎದ್ದವು. ಚಿಕ್ಕಪ್ಪನ ಮುಖ ಅರಳಿತು. "ಇದು ರೈಲಿಗಿಂತ ಚೆನ್ನಾಗಿದೆ ಕೂಸೆ," ಎಂದು ಹತ್ತಿರ ಬಂದು ಪಿಸುಗುಟ್ಟಿದ. ಅವನ ಬಾಯಿಯ ಎಲೆಯಡಿಕೆ ವಾಸನೆಗೆ ಅವಳು ಮುಖ ತಿರುಗಿಸಿದಳು.

ದೇವಪ್ಪ ಬುಟ್ಟಿ ಇಳಿಸಲೇ ಇಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಬಗ್ಗಿ, ಕಲ್ಲಿನ ಬುಡದಿಂದ ಹಿಡಿ ಮಣ್ಣು ತೆಗೆದು ಟವೆಲಿನ ಚುಂಗಿಗೆ ಹಾಕಿಕೊಂಡ.

"ಎಲ್ಲಿಗೆ ದೇವಪ್ಪಣ್ಣ?"

"ನಮ್ಮ ಹಿತ್ತಲಿಗೆ, ಅಮ್ಮ. ಈ ಮಣ್ಣು ಹಾಕಿ ಅಲ್ಲೇ ಎಡೆ ಇಡ್ತೀನಿ. ಇಷ್ಟು ಜನರ ಎದುರು ಅಜ್ಜ ಹೆಂಗೆ ಉಣ್ತಾನೆ? ನಾಚಿಕೆ ಸ್ವಭಾವ ಅಂತೆ ಅವಂದು."

ಅವನು ಇಳಿಯತೊಡಗಿದ. ಇಬ್ಬರು ಫೋನು ಹಿಡಿದು ಹಿಂದೆಯೇ ಹೊರಟರು. ಮಹಿಮಾ ಓಡಿಹೋಗಿ ಕಾಲುದಾರಿಯಲ್ಲಿ ಅವರಿಬ್ಬರಿಗೆ ಅಡ್ಡ ನಿಂತಳು.